ಬೂಷ್ಟಿನ ಹಿಂಡಿ

ಜನವರಿ ೧೨

ಅಕ್ಕಾ,

ಫೋನಿನಲ್ಲಿ ನನ್ನ "ಹೂಂ, ಹೂಂ" ಕೇಳಿ ಕೇಳಿ ನಿನಗೆ ತಲೆ ಕೆಟ್ಟಿದೆಯಂತೆ. "ಆ ಮೊದ್ದುಗೆ ಕಾಗದ ಬರೆಯೋಕೆ ಹೇಳಿ, ಹಾಸ್ಟೆಲಿಂದ ಬರೀತಿದ್ದನಲ್ಲ, ಹಾಗೆ. ಪೆನ್ನು ಹಿಡಿದರೆ ಮಾತ್ರ ಅವನಿಗೆ ಬಾಯಿ ಬರುತ್ತೆ" ಎಂದೆಯಂತೆ. ಭಾವ ಹೇಳಿದರು. ಸರಿ, ಹಿಡಿದಿದ್ದೇನೆ. ಉದ್ದವಾಯಿತು ಎಂದು ಆಮೇಲೆ ಬೈಯಬೇಡ.

ದೊಡ್ಡ ಸುದ್ದಿ ಇದೆ. ನಮ್ಮ ಕಾರ್ಖಾನೆಯ ಹಿಂದಿನ ಭಟ್ಟಿ ಆರಿತು. ನೀನು ಒಮ್ಮೆ ಬಂದಿದ್ದಾಗ ನನ್ನ ಬಿಳಿ ಅಂಗಿಗಳನ್ನು ಒಗೆದು ಒಣಹಾಕಿ, ಸಂಜೆ ತೆಗೆಯಲು ಹೋಗಿ, "ಏನೋ ಇದು, ಯಾರೋ ಎಳ್ಳು ಎರಚಿ ಹೋಗಿದ್ದಾರೆ" ಎಂದು ಕೂಗಿದ್ದೆಯಲ್ಲ, ಆ ಎಳ್ಳೆಲ್ಲ ಅದೇ ಭಟ್ಟಿಯ ಮಸಿ. ನಾವು ಮೂರಂತಸ್ತಿನ ತೊಟ್ಟಿಗಳಲ್ಲಿ ಸಕ್ಕರೆ ಪಾಕ ಉಣಿಸಿ ಒಂದು ಜಾತಿಯ ಬೂಷ್ಟು ಬೆಳೆಸುತ್ತೇವೆ. ಆ ಬೂಷ್ಟು ಬೆವರಿದ ಹಾಗೆ ಔಷಧ ಬಿಡುತ್ತದೆ. ಹುಣ್ಣಿಗೆ, ಕೀವಿಗೆ, ಗಂಟಲು ನೋವಿಗೆ ಡಾಕ್ಟರು ಕೊಡುವ ಮಾತ್ರೆ ಆಗುವುದು ಅದರಿಂದಲೇ. ಔಷಧ ಹಿಂಡಿಕೊಂಡ ಮೇಲೆ ಉಳಿಯುವುದು ಹಿಂಡಿ. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುತ್ತದಲ್ಲ, ಹಾಗೆ. ಲಾರಿಗಟ್ಟಲೆ. ಇಷ್ಟು ವರ್ಷ ಅದನ್ನು ಸುಡುತ್ತಿದ್ದರು. ಗೇಟಿನ ಕಾವಲುಗಾರನ ಹೆಂಡತಿ ಕೆಮ್ಮಿ ಕೆಮ್ಮಿ ಅರ್ಧವಾಗಿದ್ದಳು.

ನಾನು ಪ್ರತಿ ಮೀಟಿಂಗಿಗೂ ಬರೆದುಕೊಂಡು ಹೋಗಿ ಓದಿದೆ. (ಬಾಯಲ್ಲಿ ಹೇಳಲಿಲ್ಲ, ಗೊತ್ತಲ್ಲ.) ಕೊನೆಗೂ ಒಪ್ಪಿದರು. ಈಗ ಹಿಂಡಿಯನ್ನು ಒಂದು ದೊಡ್ಡ ಉರುಳುವ ಡ್ರೈಯರಿಗೆ ಹಾಕಿ ಉಗಿಯಲ್ಲಿ ಕಾಯಿಸಿ ಪುಡಿ ಮಾಡುತ್ತೇವೆ. ಹೊರಗೆ ಬರುವುದು ಗೊಬ್ಬರ, ಒಳ್ಳೆಯ ಗೊಬ್ಬರ. ಗೇಟಿನ ಪಕ್ಕದಲ್ಲಿ "ಕಸದಿಂದ ರಸ" ಎಂದು ಹಸಿರು ಬೋರ್ಡು ಬಂದಿದೆ. ನಾನು "ಪರಿಸರದವನು" ಎಂದು ಕ್ಯಾಂಟೀನಿನಲ್ಲಿ ಎಲ್ಲರೂ ನಗುತ್ತಿದ್ದರು. ಈಗ ಎದ್ದು ಕುರ್ಚಿ ಕೊಡುತ್ತಾರೆ.

ಮೊದಲ ಲೋಡಿನ ಚೀಲಗಳನ್ನು ನಿನ್ನ ನರ್ಸರಿಗೆ ಕಳಿಸುತ್ತಿದ್ದೇನೆ. ಡ್ರೈವರು ಹೊಸಬ, ದಾರಿ ಕೇಳಿಕೊಂಡು ಬರುತ್ತಾನೆ. ನಿನ್ನ ಗುಲಾಬಿಗಳು ಏನನ್ನುತ್ತವೆ, ಬರೆ.

ನಿನ್ನ
ಮೊದ್ದು

ಫೆಬ್ರವರಿ ೨೦

ಮೊದ್ದು,

ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿದ್ದೀಯ ಎಂದುಕೊಂಡು ನೇರ ಮಾತಿಗೆ ಬರುತ್ತೇನೆ.

ನಿನ್ನ ಚೀಲಗಳು ಬಂದವು. ಬಾಯಿ ಬಿಚ್ಚಿದರೆ ವಾರಗಟ್ಟಲೆ ಒಗೆಯದ ಕಾಲುಚೀಲದ ವಾಸನೆ. ನಿಮ್ಮ ಭಾವ ಹೊಲಿಗೆ ಮಷೀನು ಎತ್ತಿಕೊಂಡು ಒಳಕೋಣೆಗೆ ಓಡಿದರು. "ಗಿರಾಕಿಗಳ ಬ್ಲೌಸು ನಾರಿದರೆ ನಿನ್ನ ತಮ್ಮ ಬಂದು ಒಗೆದು ಕೊಡ್ತಾನಾ?" ಎಂದು ಅಲ್ಲಿಂದಲೇ ಕೂಗು. ನಾನು ಅರ್ಧ ಮಣ್ಣು, ಅರ್ಧ ನಿನ್ನ ಹಿಂಡಿ ಸೇರಿಸಿ ಕುಂಡಗಳಿಗೆ ತುಂಬಿದೆ. ಹೇಳಬಾರದು, ನಿನ್ನ ತಲೆ ತಿರುಗುತ್ತದೆ, ಆದರೂ ಹೇಳುತ್ತೇನೆ. ಇಂಥ ಚಿಗುರನ್ನು ನಾನು ನೋಡಿಲ್ಲ. ಕಸಿ ಕಟ್ಟಿದ ಕಣ್ಣುಗಳೆಲ್ಲ ಒಂದೂ ಒಣಗದೆ ಹಿಡಿದುಕೊಂಡವು. ಗುಲಾಬಿಗೆ ಮೊಗ್ಗು ಹೊರಲಾಗದೆ ಕೊಂಬೆ ಬಾಗಿದೆ. ನಮ್ಮ ಬೀದಿಯ ಬೇಕರಿಯವನು, ಹತ್ತು ಪೈಸೆಗೂ ಚೌಕಾಸಿ ಮಾಡುವವನು, ಮಾತಾಡದೆ ನಾಲ್ಕು ಕುಂಡ ಹೊತ್ತುಕೊಂಡು ಹೋದ.

"ಔಷಧದ ಗೊಬ್ಬರ ಅಲ್ವಾ, ಗಿಡಕ್ಕೂ ಇನ್ನು ಜ್ವರ ಬರೋಲ್ಲ" ಎಂದು ನಿಮ್ಮ ಭಾವ ನಗುತ್ತಾರೆ. ಹೌದೇನೋ, ಅದರಲ್ಲಿ ಔಷಧ ಉಳಿದಿರುತ್ತದಾ? ಸುಮ್ಮನೆ ಕೇಳಿದೆ.

ಕೈಗವುಸು ಹಾಕಿಕೋ ಎಂದು ಚೀಲದಲ್ಲಿ ಚೀಟಿ ಇಟ್ಟಿದ್ದೆಯಲ್ಲ. ಅದನ್ನು ನೋಡಿ ನಿಮ್ಮ ಭಾವ ತೆಳ್ಳನೆಯ ಬಟ್ಟೆಯಲ್ಲಿ ಒಂದು ಜೊತೆ ಹೊಲಿದೂ ಕೊಟ್ಟರು. ಮೊದ್ದೂ, ಗವುಸು ಹಾಕಿಕೊಂಡು ಗುಲಾಬಿಗೆ ಕಣ್ಣು ಕೂರಿಸುವುದೆಂದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸೂಜಿಗೆ ದಾರ ಪೋಣಿಸಿದ ಹಾಗೆ. ಆ ಕಣ್ಣು ತೊಗಟೆಯೊಳಗೆ ಕೂತಿತೋ ಇಲ್ಲವೋ ಅಂತ ಹೇಳುವುದು ಹೆಬ್ಬೆರಳು. ನಿನಗೂ ಕಲಿಸಿದ್ದೆನಲ್ಲ, ಅಮ್ಮ ಹೋದ ವರ್ಷ, ನೀನು ಅಳುವುದನ್ನು ನಿಲ್ಲಿಸಲಿ ಎಂದು. ನೀನು ಅಳು ನಿಲ್ಲಿಸಿದೆ, ಆದರೆ ಕಸಿ ಕಲಿಯಲಿಲ್ಲ.

ಇನ್ನಷ್ಟು ಚೀಲ ಕಳಿಸು. ವಾಸನೆಗೆ ಹೊಂದಿಕೊಂಡಿದ್ದೇವೆ.

ಅಕ್ಕ

ಏಪ್ರಿಲ್ ೯

ಅಕ್ಕಾ,

ಚೀಲ ಹೊರಟಿವೆ, ಈ ಸಲ ಇಮ್ಮಡಿ. ವಾಸನೆಯೂ ಇಮ್ಮಡಿ ಎಂದು ಭಾವನಿಗೆ ಮೊದಲೇ ಹೇಳಿಬಿಡು.

ನಮಗೆ ಪ್ರಶಸ್ತಿ ಬಂತು. ಗಾಜಿನ ಎಲೆ, ಅಂಗೈ ಅಗಲದ್ದು. ದೊಡ್ಡವರು, ಅಂದರೆ ನಮ್ಮ ಕಾರ್ಖಾನೆಯ ಮುಖ್ಯಸ್ಥರು, ವೇದಿಕೆಯಿಂದ ನನ್ನತ್ತ ಕೈ ತೋರಿಸಿ "ನಮ್ಮ ಹಸಿರು ತಲೆ" ಎಂದರು. ಎದ್ದು ಎರಡು ಮಾತಾಡಿ ಎಂದಾಗ ನಾನು ಏನು ಮಾಡಿದೆ ಎಂದು ನೀನು ಊಹಿಸಬಲ್ಲೆ. ಕೈಮುಗಿದು ಕೂತೆ. ಜನ ಅದನ್ನು ವಿನಯ ಎಂದುಕೊಂಡು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

ಮುಂದಿನ ಗುರಿ ಕಲ್ಲಿದ್ದಲು. ಉಗಿ ಮಾಡಲು ಕಲ್ಲಿದ್ದಲು ಬೇಕು, ಅದೂ ಹೊಗೆಯೇ. ಎಲ್ಲಿ ಉಗಿ ಹೆಚ್ಚು ಹೋಗುತ್ತಿದೆ ಎಂದು ಹುಡುಕಿದರೆ, ನನ್ನ ಡ್ರೈಯರೇ ದೊಡ್ಡ ಹೊಟ್ಟೆಬಾಕ. ಹಿಂಡಿ ಒಣಗಿದ ಮೇಲೂ ಅದನ್ನು ಇನ್ನೂ ಕಾಯಿಸುತ್ತಲೇ ಇದ್ದೆವು. ಒಣಗಿದ್ದನ್ನು ಮತ್ತೆ ಯಾಕೆ ಕಾಯಿಸಬೇಕು? ಉಗಿ ಇಳಿಸಿದೆ. ಪುಡಿ ಅಷ್ಟೇ ಚೆನ್ನಾಗಿ ಬರುತ್ತಿದೆ. ಕಲ್ಲಿದ್ದಲಿನ ಗುರಿ ವರ್ಷದ ಅರ್ಧಕ್ಕೇ ಮುಟ್ಟುತ್ತೇವೆ. ಒಂದೇ ಕಲ್ಲಿಗೆ ಎರಡು ಹಕ್ಕಿ.

ಔಷಧ ಉಳಿದಿರುತ್ತದಾ ಎಂದು ಕೇಳಿದ್ದೆಯಲ್ಲ. ಮಾರುವುದಕ್ಕೆ ಬೇಕಾದದ್ದನ್ನು ಯಾರಾದರೂ ಹಿಂಡಿಯಲ್ಲಿ ಬಿಡುತ್ತಾರಾ ಅಕ್ಕಾ? ಕೊನೆಯ ಹನಿಯವರೆಗೂ ಹಿಂಡುತ್ತಾರೆ. ಗೊಬ್ಬರದ ನಿಯಮದಲ್ಲಿರುವ ಪರೀಕ್ಷೆಯನ್ನೆಲ್ಲ ಮಾಡಿಸಿದ್ದೇನೆ. ಎಲ್ಲದರಲ್ಲೂ ಪಾಸು.

ನಿನ್ನ
ಹಸಿರು ತಲೆ

ಜೂನ್ ೧೫

ಮೊದ್ದು,

ಈ ಅಕ್ಷರ ನಿಮ್ಮ ಭಾವನದು, ಮಾತು ನಂದು. ನಾನು ಹೇಳ್ತೀನಿ, ಅವರು ಬರೀತಾರೆ. ಬ್ಲೌಸಿನ ಅಳತೆ ಬಿಟ್ಟು ಬೇರೇನೂ ಬರೆದು ಅಭ್ಯಾಸ ಇಲ್ಲ, ಸಹಿಸಿಕೋ.

(ನನಗೆ ಬರೆಯೋಕೆ ಚೆನ್ನಾಗಿಯೇ ಬರುತ್ತೆ. – ಭಾವ)

ಬಲಗೈ ಹೆಬ್ಬೆರಳಿಗೆ ಗುಲಾಬಿ ಮುಳ್ಳು ಚುಚ್ಚಿತು. ನನಗೆ ಮುಳ್ಳು ಚುಚ್ಚೋದು ಅಂದ್ರೆ ಮೀನಿಗೆ ನೆಗಡಿ ಆದ ಹಾಗೆ, ಯಾರು ಲೆಕ್ಕಕ್ಕೆ ಇಡ್ತಾರೆ. ಆದರೆ ಈ ಸಲ ಊದಿಕೊಂಡಿತು. ಕೆಂಪಾಯ್ತು, ಆಮೇಲೆ ನೇರಳೆ ಆಯ್ತು. ಡಾಕ್ಟರಮ್ಮ ಮಾತ್ರೆ ಕೊಟ್ಟರು. ಪಟ್ಟಿ ತಿರುಗಿಸಿ ನೋಡಿದರೆ ನಿಮ್ಮ ಕಾರ್ಖಾನೆ ಹೆಸರು! "ನನ್ನ ತಮ್ಮಂದು" ಅಂತ ಔಷಧದಂಗಡಿಯವನಿಗೂ ತೋರಿಸಿ ಬಂದೆ. ಮನೆಯವನೇ ಮಾಡಿದ ಮಾತ್ರೆ, ಸಲುಗೆ ಜಾಸ್ತಿ ಆಯ್ತೋ ಏನೋ, ಕೆಲಸ ಮಾಡ್ಲಿಲ್ಲ. ಡಾಕ್ಟರಮ್ಮ ಬೇರೆ ಬರೆದುಕೊಟ್ಟಿದ್ದಾರೆ.

(ರಾತ್ರಿಯೆಲ್ಲ ನರಳುತ್ತಾಳೆ. ನಿನಗೆ ಹೇಳಬೇಡಿ ಎಂದಿದ್ದಾಳೆ. – ಭಾವ)

ಏನು ಬರೀತಿದ್ದೀರಿ, ನಾನಿನ್ನೂ ಏನೂ ಹೇಳೇ ಇಲ್ಲವಲ್ಲ. ಸರಿ. ಕಸಿ ಸೀಸನ್ ಹಾಳಾಯ್ತು, ಅದೊಂದೇ ಬೇಜಾರು. ಎಡಗೈಲಿ ಪ್ರಯತ್ನ ಮಾಡಿದೆ, ನಿನ್ನ ಕಸಿ ಹಾಗೇ ಬಂತು.

ಅಕ್ಕ
(ಮತ್ತು ಭಾವ)

ಜೂನ್ ೨೪

ಅಕ್ಕಾ,

ಕಾಗದ ತಲುಪಿತು. ಕೀವು ಪರೀಕ್ಷೆಗೆ ಕಳಿಸಿದ್ದಾರಾ? ಕಳಿಸದಿದ್ದರೆ ಇವತ್ತೇ ಕಳಿಸಲು ಹೇಳು. ಎರಡನೆಯ ಮಾತ್ರೆಯ ಹೆಸರೇನು? ಪಟ್ಟಿ ನೋಡಿ ಭಾವ ಬರೆಯಲಿ.

ನಾನು ಕಳಿಸಿದ ಗೊಬ್ಬರವನ್ನು ಸದ್ಯಕ್ಕೆ ಮುಟ್ಟಬೇಡ. ಚೀಲದ ಬಾಯಿ ಕಟ್ಟಿ ಇಡು.

ಇಲ್ಲಿ ಆಡಿಟ್ ನಡೆಯುತ್ತಿದೆ. ಮುಗಿದ ಕೂಡಲೇ ಬರುತ್ತೇನೆ.

ಮೊದ್ದು

ಜುಲೈ ೧೯

ಭಾವಮೈದನಿಗೆ,

ಇದು ಪೂರ್ತಿ ನನ್ನದೇ ಮಾತು. ಅವಳು ನಿದ್ದೆ ಮಾಡುತ್ತಿದ್ದಾಳೆ.

ಹೆಬ್ಬೆರಳು ತೆಗೆದರು. ಮೊದಲು ತುದಿ, ವಾರದ ಮೇಲೆ ಬುಡ. ಕೀವು ಎರಡನೆಯ ಮಾತ್ರೆಗೂ ಬಗ್ಗಲಿಲ್ಲ, ಇಂಜೆಕ್ಷನ್ನಿಗೂ ಬಗ್ಗಲಿಲ್ಲ. ಕೀವಿನ ವರದಿ ಬಂದಾಗ ಡಾಕ್ಟರಮ್ಮ ಅದನ್ನು ಎರಡು ಸಲ ಓದಿದರು. ನಿಮ್ಮ ಮಾತ್ರೆ, ಅದರ ಅಣ್ಣ ತಮ್ಮಂದಿರು, ದಾಯಾದಿಗಳು, ಯಾವುದೂ ಈ ಕ್ರಿಮಿಗೆ ನಾಟುವುದಿಲ್ಲವಂತೆ. "ಇಂಥದ್ದು ದೊಡ್ಡ ಆಸ್ಪತ್ರೆಗಳ ಒಳಗೆ ನೋಡಿದ್ದೀನಿ, ತೋಟದ ಮುಳ್ಳಲ್ಲಿ ನೋಡಿಲ್ಲ. ಮಣ್ಣು ಎಲ್ಲಿಂದ ತರ್ತೀರಿ?" ಎಂದು ಕೇಳಿದರು. ನಾನು ಗೊಬ್ಬರದ ವಿಷಯ ಹೇಳಿದೆ. ಒಂದು ಕುಂಡದ ಮಣ್ಣನ್ನು ಬಾಟಲಿಯಲ್ಲಿ ತರಿಸಿಕೊಂಡು ಪರೀಕ್ಷೆ ಮಾಡಿಸಿದರು. ಮಣ್ಣಿನಲ್ಲೂ ಅದೇ ಜಾತಿ. "ಆಣೆ ಇಟ್ಟು ಹೇಳೋಕಾಗಲ್ಲ" ಎಂದರು. ಆದರೆ ಹೇಳಿದ ಹಾಗೇ ಇತ್ತು.

ನೀನು ಗೊಬ್ಬರ ಮುಟ್ಟಬೇಡ ಎಂದು ಬರೆದೆ. ಯಾಕೆ ಎಂದು ಬರೆಯಲಿಲ್ಲ. ಆ ಕಾಗದವನ್ನು ಅವಳು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. "ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದಾನೆ ನೋಡಿ. ಇವನು ಹೀಗೆ ಚಿಕ್ಕದಾಗಿ ಬರೆದನೆಂದರೆ ಏನೋ ಮುಚ್ಚಿಡ್ತಿದ್ದಾನೆ ಅಂತ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ನಾನು ದರ್ಜಿ, ನನಗೆ ನಿಮ್ಮ ಔಷಧದ ವಿಷಯ ತಿಳಿಯದು. ಆದರೆ ಮೊನ್ನೆ ಅವಳಿಗೆ ಬ್ಯಾಂಡೇಜಿನ ಮೇಲೆ ಹಾಕಲು ಒಂದು ಗವುಸು ಹೊಲಿದೆ. ಹೆಬ್ಬೆರಳಿಲ್ಲದ ಗವುಸು. ಎಷ್ಟೋ ವರ್ಷದಿಂದ ಹೊಲಿಯುತ್ತಿದ್ದೇನೆ, ಹಾಗೆ ಒಂದನ್ನು ಕತ್ತರಿಸಲು ಕತ್ತರಿ ಓಡಲಿಲ್ಲ.

ಯಾಕೆ ಮುಟ್ಟಬಾರದು ಎಂದು ಅವಳಿಗೆ ಬರೆ.

ಭಾವ

ಆಗಸ್ಟ್ ೨

ಅಕ್ಕಾ,

ಬರೆಯುತ್ತೇನೆ.

ಪ್ರತಿ ಲೋಡಿನಿಂದ ಒಂದು ಹಿಡಿ ಹಿಂಡಿಯನ್ನು ಬಾಟಲಿಯಲ್ಲಿ ಎತ್ತಿಡುವುದು ನಮ್ಮ ಪದ್ಧತಿ. ನಿನ್ನ ಮಾತ್ರೆ ಕೆಲಸ ಮಾಡಲಿಲ್ಲ ಎಂದು ಓದಿದ ದಿನ ಆ ಬಾಟಲಿಗಳನ್ನು ತೆಗೆದೆ. ನಮ್ಮ ಲ್ಯಾಬಿನಲ್ಲಿ ಒಂದು ಹಳೆಯ ಪರೀಕ್ಷೆ ಇದೆ. ಗಾಜಿನ ತಟ್ಟೆಯ ಮೇಲೆ ಕ್ರಿಮಿ ಬೆಳೆಸಿ, ಮಧ್ಯದಲ್ಲಿ ಪುಡಿ ಇಡುತ್ತಾರೆ. ಪುಡಿಯಲ್ಲಿ ಔಷಧವಿದ್ದರೆ ಸುತ್ತ ಕ್ರಿಮಿ ಬೆಳೆಯದೆ ಉಂಗುರದ ಹಾಗೆ ಖಾಲಿ ಜಾಗ ಉಳಿಯುತ್ತದೆ. ನಿನಗೆ ಮೊದಲು ಕಳಿಸಿದ ಲೋಡಿಗೆ ಉಂಗುರ ಬರಲಿಲ್ಲ. ಎರಡನೆಯದಕ್ಕೆ ಬಂತು.

ನಡುವೆ ಆದದ್ದು ಒಂದೇ. ನಾನು ಉಗಿ ಇಳಿಸಿದ್ದು. ಒಣಗಿದ ಮೇಲೂ ಯಾಕೆ ಕಾಯಿಸಬೇಕು ಎಂದು ನಿನಗೆ ಜಂಬದಿಂದ ಬರೆದಿದ್ದೆನಲ್ಲ, ಅದಕ್ಕೇ ಕಾಯಿಸಬೇಕಿತ್ತು. ಅಂಟಿಕೊಂಡು ಉಳಿದ ಔಷಧ ಆ ಕೊನೆಯ ಕಾವಿನಲ್ಲಿ ಸಾಯುತ್ತಿತ್ತು. ಉಳಿದದ್ದು ಬಹಳವಲ್ಲ. ಮಣ್ಣಿನ ಕ್ರಿಮಿಯನ್ನು ಕೊಲ್ಲುವಷ್ಟಿಲ್ಲ, ಅದಕ್ಕೆ ಪಾಠ ಕಲಿಸುವಷ್ಟಿದೆ. ಕುಂಡದಲ್ಲಿ ದಿನಾ ಚೂರು ಚೂರು ಔಷಧ ತಿಂದು ಅಭ್ಯಾಸವಾದ ಕ್ರಿಮಿಗೆ ಮಾತ್ರೆ ಏನು ಮಾಡೀತು? ಗೊಬ್ಬರದ ನಿಯಮದಲ್ಲಿ ಸೀಸ ನೋಡು, ಪಾದರಸ ನೋಡು ಎಂದಿದೆ. ಔಷಧ ನೋಡು ಎಂದಿಲ್ಲ. ನೀನು ಫೆಬ್ರವರಿಯಲ್ಲಿ ಕೇಳಿದ್ದನ್ನು ನಿಯಮ ಬರೆದವರು ಕೇಳಿರಲಿಲ್ಲ, ನಾನೂ ಕೇಳಲಿಲ್ಲ.

ಹೊಗೆ ನಿಲ್ಲಿಸಲು ಗೊಬ್ಬರ ಮಾಡಿದೆ, ಇನ್ನೊಂದು ಹೊಗೆ ಇಳಿಸಲು ಉಗಿ ಇಳಿಸಿದೆ. ಎರಡನ್ನೂ ಒಳ್ಳೆಯದಕ್ಕೇ ಮಾಡಿದೆ ಅಕ್ಕಾ. ಹಾಗೆ ಬರೆಯುವಾಗಲೇ ಕೈ ನಾಚುತ್ತದೆ. ನಿನಗೆ ಈಗ ನನ್ನ ಒಳ್ಳೆಯತನದಿಂದ ಏನಾಗಬೇಕು?

ದೊಡ್ಡವರ ಕೋಣೆಗೆ ತಟ್ಟೆಗಳನ್ನು ಹಿಡಿದುಕೊಂಡು ಹೋದೆ. ನೋಡಿದರು. "ಭಟ್ಟಿ ಮತ್ತೆ ಹಚ್ಚಲಾ? ಆರಿಸಿ ಅಂದವರು ನೀವೇ ತಾನೇ?" ಎಂದರು. ಉಗಿ ಮೊದಲಿನಷ್ಟೇ ಏರಿಸೋಣ ಎಂದೆ. "ಹಾಗಾದರೆ ಕಲ್ಲಿದ್ದಲಿನ ಗುರಿ? ಅದರ ಕೆಳಗೂ ನಿಮ್ಮದೇ ಸಹಿ ಇದೆಯಲ್ಲಪ್ಪಾ." ಕೂಗಾಡಲಿಲ್ಲ, ನೀರು ಕುಡಿಯಲು ಕೊಟ್ಟರು. ನಮ್ಮ ಇನ್ನೊಂದು ಕಾರ್ಖಾನೆಯಲ್ಲೂ ಇದೇ ಯೋಜನೆ ಶುರುವಾಗುತ್ತಿದೆ. ತೀರ್ಮಾನಕ್ಕೆ ಒಂದು ಮೀಟಿಂಗ್ ಕರೆಯುತ್ತಾರಂತೆ.

ಕ್ಷಮಿಸು ಎಂದು ಬರೆಯಲು ಪೆನ್ನು ಏಳುತ್ತಿಲ್ಲ. ನಿನ್ನ ಹೆಬ್ಬೆರಳಿನ ಮುಂದೆ ಆ ಮಾತು ಏನೂ ಅಲ್ಲ.

ಮೊದ್ದು

ಆಗಸ್ಟ್ ೩೦

ಮೊದ್ದು,

ಇದು ನನ್ನ ಎಡಗೈ. ಅಕ್ಷರ ನೋಡಿ ನಗಬೇಡ. ಒಂದೊಂದು ಸಾಲಿಗೆ ಒಂದೊಂದು ದಿನ ಹಿಡಿದಿದೆ.

ಸಿಟ್ಟಿಲ್ಲ ಎಂದು ಬರೆಯಬೇಕು ಎಂದಿದ್ದೆ. ಸುಳ್ಳು. ಸಿಟ್ಟಿದೆ. ಜೂನ್‌ನಲ್ಲಿ ಯಾಕೆ ಹೇಳಲಿಲ್ಲ? ಆಗಲೇ ಹೇಳಿದ್ದರೆ ಮಣ್ಣಿನ ವರದಿ ಬರುವ ತನಕ ನಾನು ಕುಂಡ ಮಾರುತ್ತ ಕೂರುತ್ತಿರಲಿಲ್ಲ. ಕೈಗೆ ಕಟ್ಟು ಹಾಕಿಕೊಂಡೇ ಮಾರಿದೆ. ನಗುನಗುತ್ತಾ ಮಾರಿದೆ.

ನನ್ನ ಬೆರಳು ಬಿಡು. ಕುಂಡಗಳು ಊರಿಡೀ ಇವೆ, ಮೊದಲು ಮಾರಿದವಕ್ಕೂ ಎರಡನೆಯ ಲೋಡಿನ ಹಿಂಡಿಯನ್ನು ಮೇಲೆ ಹಾಕಿಕೊಟ್ಟಿದ್ದೆ. ಬೇಕರಿಯವನ ಕಿಟಕಿಯಲ್ಲಿ, ಶಾಲೆಯ ಮೆಟ್ಟಿಲ ಮೇಲೆ, ಹೆಡ್‌ಮೇಷ್ಟರ ಮನೆಯ ಅಂಗಳದಲ್ಲಿ. ಅವರ ಮೊಮ್ಮಗಳು ಆ ಮಣ್ಣಲ್ಲಿ ಆಡುತ್ತಾಳೆ, ಕಣ್ಣಾರೆ ನೋಡಿದೆ.

ನಿಮ್ಮ ಭಾವನನ್ನು ಕರೆದುಕೊಂಡು ಮನೆ ಮನೆಗೆ ಹೋಗುತ್ತಿದ್ದೇನೆ. ಕುಂಡ ವಾಪಸ್ ಕೊಡಿ, ದುಡ್ಡು ಕೊಡ್ತೀನಿ ಎಂದರೆ ನಗುತ್ತಾರೆ. "ಇಷ್ಟು ಚೆನ್ನಾಗಿ ಹೂ ಬಿಟ್ಟಿರೋ ಗಿಡ ಯಾರಾದ್ರೂ ವಾಪಸ್ ಕೊಡ್ತಾರಾ? ರೇಟು ಏರಿದೆ ಅಂತ ತಾನೇ?" ಎಂದ ಬೇಕರಿಯವನು. ಹೆಡ್‌ಮೇಷ್ಟರು ಕೂರಿಸಿ ಸಮಾಧಾನ ಹೇಳಿದರು. "ನೋವಿನಲ್ಲಿ ಮನಸ್ಸು ಏನೇನೋ ಹೇಳುತ್ತೆ ತಾಯಿ. ಗೊಬ್ಬರಕ್ಕೆ ಪ್ರಶಸ್ತಿ ಬಂದಿದೆ, ಪೇಪರಲ್ಲಿ ಓದಿದ್ದೀನಿ." ನನ್ನ ತಮ್ಮನೇ ಬರೆದಿದ್ದಾನೆ ಎಂದು ನಿನ್ನ ಕಾಗದ ತೋರಿಸಿದೆ. ಓದಿ, ಮಡಿಸಿ, ಕೊಟ್ಟರು. "ಅವರೇ ಬಂದು ಹೇಳಲಿ" ಎಂದರು.

ಅದೇ ಸರಿ. ನೀನು ಬಾ. ನನ್ನ ಜೊತೆ ಬೀದಿ ಬೀದಿ ಸುತ್ತಿ ನಿನ್ನ ಬಾಯಿಂದ ಹೇಳು. ಕಾಗದ ಸಾಕು. ತೊದಲಿದರೂ ಪರವಾಗಿಲ್ಲ, ನಾನು ಪಕ್ಕದಲ್ಲಿ ನಿಲ್ಲುತ್ತೇನೆ.

ಇನ್ನೊಂದು. ವಾಪಸ್ ಬಂದ ನಾಲ್ಕಾರು ಕುಂಡ, ಉಳಿದ ಚೀಲ ಹಿತ್ತಲಲ್ಲಿವೆ. ಇವನ್ನು ಎಲ್ಲಿ ಹಾಕಲಿ? ಸುಟ್ಟರೆ ಹೊಗೆ ಎನ್ನುತ್ತೀಯ. ಹೂತರೆ ಬಾವಿಗೆ ಇಳಿಯುತ್ತದೆ. ಪುರಸಭೆಯವರ ಗಾಡಿಗೆ ಹಾಕಿದರೆ ಇನ್ಯಾರದೋ ಬಾಗಿಲಿಗೆ. ನಿನಗೆ ಗೊತ್ತಿರುತ್ತದೆ, ಬರೆ.

ಅಕ್ಕ

ಸೆಪ್ಟೆಂಬರ್ ೨೧

ಅಕ್ಕಾ,

ನಿನ್ನ ಎಡಗೈ ಅಕ್ಷರ ನೋಡಿ ನಗಲಿಲ್ಲ.

ಮೀಟಿಂಗ್ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ನಾನು ಬರುವುದಿಲ್ಲ ಎಂದುಕೊಳ್ಳಬೇಡ. ಬರಿಗೈಯಲ್ಲಿ ಬಂದು ಆ ಜನರ ಮುಂದೆ ಏನು ಹೇಳಲಿ? "ತಪ್ಪಾಗಿದೆ, ಇನ್ನೂ ನಡೆಯುತ್ತಲೇ ಇದೆ" ಎನ್ನಲೇ? ನಿಲ್ಲಿಸಿದ್ದೇನೆ ಎಂಬ ಒಂದು ಮಾತನ್ನಾದರೂ ಕೈಯಲ್ಲಿ ಹಿಡಿದುಕೊಂಡು ನಿನ್ನ ಬಾಗಿಲಿಗೆ ಬರಬೇಕು ಎಂದಿದ್ದೇನೆ. ಲಾರಿಗಳು ದಿನಾ ಹೊರಡುತ್ತಿವೆ. ಕಿಟಕಿಯಿಂದ ಕಾಣುತ್ತವೆ.

ಸರಕಾರದ ಕಚೇರಿಗೂ ಹೋಗಿದ್ದೆ, ತಟ್ಟೆಗಳ ಫೋಟೋ ಹಿಡಿದುಕೊಂಡು. ಅಲ್ಲಿನವರು ಒಳ್ಳೆಯವರು, ಗಮನವಿಟ್ಟು ಕೇಳಿದರು. "ಯಾವ ನಿಯಮ ಮುರಿದಿದೆ, ತೋರಿಸಿ" ಎಂದರು. ಯಾವುದೂ ಮುರಿದಿಲ್ಲ.

ಚೀಲಗಳನ್ನು ಎಲ್ಲಿ ಹಾಕಲಿ ಎಂದು ಕೇಳಿದ್ದೀಯ. ಮೂರು ಸಲ ಉತ್ತರ ಬರೆದು ಹರಿದೆ. ಪುಸ್ತಕದಲ್ಲಿರುವ ಉತ್ತರ, ಹೆಚ್ಚು ಕಾವಿನಲ್ಲಿ ಸುಡುವ ಬೇರೆ ಥರದ ಭಟ್ಟಿಗೆ ಕಳಿಸಬೇಕು ಎಂದು. ಅಂಥದ್ದು ಇಲ್ಲೆಲ್ಲೂ ಇಲ್ಲ. ಸದ್ಯಕ್ಕೆ ಟಾರ್ಪಾಲು ಮುಚ್ಚಿಡು.

ಮೊದ್ದು

ಅಕ್ಟೋಬರ್ ೧೧

ಮೊದ್ದು,

ಜ್ವರ ಬಂದಿದೆ. ಕ್ರಿಮಿ ಮಣಿಕಟ್ಟಿನ ಮೂಳೆಗೆ ಇಳಿದಿದೆಯಂತೆ.

ನಿಲ್ಲಿಸಿ ಬರಬೇಕಾಗಿಲ್ಲ. ಬರಿಗೈಯಲ್ಲಿ ಬಾ. ಭಾನುವಾರ ಎಲ್ಲರೂ ಮನೆಯಲ್ಲಿರುತ್ತಾರೆ, ಅವತ್ತೇ ಬಾ. ಹೆಡ್‌ಮೇಷ್ಟರ ಮನೆಗಾದರೂ ಹೋಗಿ ಬರೋಣ.

ಅಕ್ಕ

ಅಕ್ಟೋಬರ್ ೧೮

ಅಕ್ಕಾ,

ಮೀಟಿಂಗ್ ಕೊನೆಗೂ ಆಯಿತು. ತೀರ್ಮಾನ ಬರೆಯುತ್ತೇನೆ, ಸಿಟ್ಟಾಗಬೇಡ. ಇನ್ನು ಮೇಲೆ ಪ್ರತಿ ಚೀಲದ ಮೇಲೆ ದಪ್ಪಕ್ಷರದಲ್ಲಿ "ಕೈಗವುಸು ಧರಿಸಿ ಬಳಸಿ" ಎಂದು ಅಚ್ಚು ಹಾಕುತ್ತಾರೆ. ಅದು ನನ್ನ ಸಲಹೆ ಎಂದು ನಡಾವಳಿಯಲ್ಲಿ ಬರೆದುಕೊಂಡಿದ್ದಾರೆ. ನಾನು ಹಾಗೆ ಹೇಳಿರಲಿಲ್ಲ. ನಾನು ಓದಲು ಎದ್ದಾಗ ಸಮಯ ಮುಗಿದಿತ್ತು, ಬಾಯಲ್ಲಿ ಹೇಳಿ ಎಂದರು. ನಿಂತೆ. ಎಲ್ಲರೂ ಕಾದರು. ಮಾತು ಹೊರಡಲಿಲ್ಲ ಅಕ್ಕಾ. ದೊಡ್ಡವರು "ಇವರ ಅಭಿಪ್ರಾಯ ನಮಗೆಲ್ಲ ಗೊತ್ತಿದೆ" ಎಂದು ಮುಗಿಸಿದರು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು. ಅದಕ್ಕೂ ಅಗುಳಿ ಇಲ್ಲ.

ಈ ಭಾನುವಾರ ಹೊಸ ಚೀಲದ ಅಚ್ಚು ನೋಡಲು ಇರಬೇಕಂತೆ. ಮುಂದಿನ ಭಾನುವಾರ ಖಂಡಿತ ಬರುತ್ತೇನೆ. ಬಸ್ಸಿನ ಟಿಕೆಟು ತೆಗೆದಿದ್ದೇನೆ.

ಮೊದ್ದು

ನವೆಂಬರ್ ೬

ಭಾವಮೈದನಿಗೆ,

ಅವಳು ಹೋದ ದಿನ ಫೋನ್ ಮಾಡಿದೆ. ನೀನು "ಹೂಂ" ಎಂದೆ. ನಾನು ಕಾದೆ. ಮತ್ತೆ "ಹೂಂ" ಎಂದೆ. ಆಮೇಲೆ ಲೈನು ಹೋಯಿತು. ನೀನು ಬರಲಿಲ್ಲ. ಬೈಯಲು ಬರೆಯುತ್ತಿಲ್ಲ. ನನಗೆ ಈಗ ಬೈಯುವ ಶಕ್ತಿ ಇಲ್ಲ.

ಟಿಕೆಟು ತೆಗೆದಿದ್ದೇನೆ ಎಂದು ನೀನು ಬರೆದದ್ದನ್ನು ಅವಳಿಗೆ ಓದಿ ಹೇಳಿದ್ದೆ. ಆ ಭಾನುವಾರ ಜ್ವರದಲ್ಲೇ ತಲೆ ಬಾಚಿಸಿಕೊಂಡಳು. ಗೇಟು ಸದ್ದಾದಾಗೆಲ್ಲ "ನೋಡಿ, ಮೊದ್ದು ಬಂದ" ಎನ್ನುತ್ತಿದ್ದಳು. ಸಂಜೆಗೆ, "ಬಸ್ಸು ಸಿಕ್ಕಿಲ್ಲ ಪಾಪ" ಎಂದಳು. ನಿನ್ನ ಪರವಾಗಿ ಅವಳೇ ನೆಪ ಹೇಳಿದಳು, ಚಿಕ್ಕಂದಿನಲ್ಲಿ ನಿಮ್ಮ ಮೇಷ್ಟರಿಗೆ ಹೇಳುತ್ತಿದ್ದ ಹಾಗೆ. ಕ್ರಿಮಿ ರಕ್ತಕ್ಕೆ ಇಳಿದಿತ್ತು. ಡಾಕ್ಟರಮ್ಮ ಕೊನೆಯ ಔಷಧವೆಂದು ಒಂದನ್ನು ಎಲ್ಲಿಂದಲೋ ತರಿಸಿ ಹಾಕಿದರು. ಅದನ್ನು ಹಾಕುವಾಗ ಅವರೇ ಅತ್ತರು.

ಈಗ ಒಂದು ವಿಷಯ ಕೇಳಬೇಕು, ಅದಕ್ಕೇ ಈ ಕಾಗದ.

ಅವಳು ಹೋದ ಮಾರನೆಯ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಬೇಕರಿಯವನು ನಿಂತಿದ್ದ. ಎರಡು ಕೈಯಲ್ಲೂ ಎರಡು ಕುಂಡ, ತುಂಬ ಹೂ. "ಅಕ್ಕಾವ್ರು ಅಷ್ಟೊಂದು ಕೇಳಿದ್ರು, ನಾನು ತಮಾಷೆ ಮಾಡಿ ಕಳಿಸಿಬಿಟ್ಟೆ" ಎಂದು ಅತ್ತ. ಮೆಟ್ಟಿಲ ಮೇಲೆ ಇಟ್ಟು, ಹೋಗಿ ಇನ್ನೆರಡು ತಂದ. ಹೆಡ್‌ಮೇಷ್ಟರು ಮೊಮ್ಮಗಳ ಕೈ ಹಿಡಿದುಕೊಂಡು ಬಂದರು. ಕುಂಡವನ್ನು ಆ ಮಗುವೇ ತಬ್ಬಿ ಹಿಡಿದಿತ್ತು. ಶಾಲೆಯವರು ಕೈಗಾಡಿಯಲ್ಲಿ ತಂದರು. ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲು, ಅಂಗಳ, ಗೇಟಿನ ಎರಡೂ ಪಕ್ಕ ಕುಂಡಗಳೇ. ಅವಳಿಗೆ ಗೌರವ ಎಂದು ತಂದರು. ಅವಳು ಬಾಗಿಲು ಬಾಗಿಲಿಗೆ ಹೋಗಿ ಬೇಡಿದಾಗ ಕೊಡದಿದ್ದನ್ನೆಲ್ಲ, ಕೇಳದೆ ತಂದುಕೊಟ್ಟರು. ಇಂಥ ಹೂ ನಮ್ಮ ನರ್ಸರಿಯಲ್ಲಿ ಎಂದೂ ಬಿಟ್ಟಿರಲಿಲ್ಲ.

ನಾನು ಆ ಮಗುವಿನ ಕೈಯನ್ನು ಸೋಪು ಹಾಕಿ ತೊಳೆದು ಕಳಿಸಿದೆ.

ಹೆಬ್ಬೆರಳಿಲ್ಲದ ಆ ಗವುಸು ಹಾಕಿಕೊಂಡು ದಿನಾ ನೀರು ಹಾಕುತ್ತಿದ್ದೇನೆ. ಯಾಕೆ ಹಾಕುತ್ತೇನೋ ತಿಳಿಯದು. ಅವಳು ಕಟ್ಟಿದ ಕಸಿ, ಒಣಗಲು ಬಿಡಲು ಮನಸ್ಸು ಬರುವುದಿಲ್ಲ. ಇಟ್ಟುಕೊಳ್ಳಲೂ ಆಗುವುದಿಲ್ಲ. ಅವಳು ನಿನ್ನನ್ನು ಕೇಳಿದ್ದಳು, ನೀನು ಸದ್ಯಕ್ಕೆ ಮುಚ್ಚಿಡು ಎಂದಿದ್ದೆ. ಇಷ್ಟನ್ನೆಲ್ಲ ಮುಚ್ಚುವಷ್ಟು ಟಾರ್ಪಾಲು ನನ್ನ ಹತ್ತಿರ ಇಲ್ಲ.

ಇವನ್ನು ನಾನು ಎಲ್ಲಿ ಹಾಕಲಿ? ಬರೆಯಬೇಡ. ಬಂದು ಹೇಳು.

ಭಾವ